ಕೌದಿಗೊಂದು ಕಿಂಡಿ

ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ ಅದರ ಬೆನ್ನಿಗೇ ಒಂದು ಹೊದಿಕೆಯೂ ಬರುತ್ತದೆ. ಸಾಂಗ್ಲಿಯ ಅಂಗಡಿಗಳಲ್ಲಿ ಬಣ್ಣದ ಟಿವಿಗಳು ಸಾಲಾಗಿ ಕುಳಿತು ಬೀದಿಗೆ ಮುಖಮಾಡಿ ಹಾಡತೊಡಗಿದ ಆ ವರ್ಷಗಳಲ್ಲಿ ಅರಿಸಿನ ವ್ಯಾಪಾರದ ನಮ್ಮ ಮನೆಗೂ ಒಂದು ಟಿವಿ ಬಂತು, ಮರುದಿನವೇ ಅದಕ್ಕೆ ಗಿಣಿಗಳ ಕಸೂತಿಯ ಮುಸುಕು ಬಿತ್ತು. ಆಮೇಲೆ ಫ್ರಿಜ್ಜಿಗೆ ಟೊಪ್ಪಿಗೆ, ಮಿಕ್ಸರಿಗೆ ಅಂಗಿ, ಸ್ಕೂಟರಿನ ಸೀಟಿಗೆ ಕಸೆ ಕಟ್ಟಿದ ಹಚ್ಚಡ. ರಿಮೋಟಂತೂ ತನ್ನ ಪ್ಲಾಸ್ಟಿಕ್ ಚೀಲದಿಂದ ಹೊರಬರದೆಯೇ ಮುದಿಯಾಯಿತು. ನೀವು ನಗುತ್ತೀರಿ, ಬಲ್ಲೆ. ನಗುವ ಮುನ್ನ ನಿಮ್ಮ ಮನೆಯ ಸೋಫಾದ ಕಡೆ ಒಮ್ಮೆ ನೋಡಿ ಬನ್ನಿ. ತಡವಾಗಿ ಕೈಗೆ ಬಂದದ್ದನ್ನು ಧೂಳು ತಾಗದಂತೆ ಹೊದಿಸಿಡುವುದು ನಮ್ಮಂಥವರು ಕೃತಜ್ಞತೆ ಹೇಳುವ ಒಂದು ರೀತಿಯೇ ಇರಬೇಕು. ಹಾಗಾಗಿ ನಾವು ಹೈಬ್ರಿಡ್ ಕಾರು ಕೊಂಡ ದಿನವೇ ಅದರ ಹಿಂದಿನ ಸೀಟಿನ ಮೇಲೆ ಮಾವಶಿಯ ಕೌದಿ ಹಾಸಿಕೊಂಡು ಬಿದ್ದದ್ದು ಯಾರಿಗೂ ಸೋಜಿಗವೆನಿಸಲಿಲ್ಲ.

ಮಾವಶಿ ನನ್ನ ತಾಯಿಯ ತಂಗಿ, ಲಿಂಗನೂರೆಂಬ ಹಳ್ಳಿಯವರು. ತಾಯಿ ಬೇಗ ಕಣ್ಮುಚ್ಚಿದ್ದರಿಂದ ನನ್ನನ್ನು ಸಾಕಿ ಬೆಳೆಸಿದವರು ಅವರೇ. ಆ ಕೌದಿಯನ್ನೂ ಅವರೇ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದರು. ಅದರ ಒಂದು ಅಂಚಿನಲ್ಲಿ ನನ್ನ ತಾಯಿಯ ಹಸಿರು ಇಳಕಲ್ ಸೀರೆಯ ತುಂಡೂ ಇದೆ. ಮಾವಶಿಯ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಅವರನ್ನು ಸಾಂಗ್ಲಿಗೆ ಕರೆತಂದೆವು. ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆಂದು ಮಿರಜಿನ ಆಸ್ಪತ್ರೆಗೆ ಹೋಗಬೇಕು. ಈ ಕಾಯಿಲೆಯ ಕ್ರೌರ್ಯವಿರುವುದು ಸೂಜಿಯಲ್ಲಿ ಅಲ್ಲ, ನೀರಿನಲ್ಲಿ. ದಿನಕ್ಕೆ ಇಷ್ಟೇ ಗುಟುಕು ಎಂದು ಡಾಕ್ಟರು ಕಟ್ಟು ಹಾಕಿದ್ದಾರೆ. ಜೈನರ ಮನೆಯಲ್ಲಿ ಹುಟ್ಟಿ, ಜೀವಮಾನವಿಡೀ ಬಿಳಿ ಬಟ್ಟೆಯಲ್ಲಿ ನೀರು ಸೋಸಿ, ಬಾಗಿಲಿಗೆ ಬಂದವರಿಗೆಲ್ಲ ತಂಬಿಗೆ ತುಂಬಿ ಕೊಟ್ಟವರಿಗೆ ಈಗ ಬೇಸಿಗೆಯ ಮಧ್ಯಾಹ್ನ ನಾಲಿಗೆ ಒದ್ದೆ ಮಾಡಿಕೊಳ್ಳಲೂ ಹಿಂದೆಮುಂದೆ ನೋಡಬೇಕು.

ಮೊದಲ ಬೇಸಿಗೆಯಲ್ಲಿ ರಿಕ್ಷಾದಲ್ಲಿ ಹೋಗಿಬಂದೆವು. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು, ಮಾವಶಿಯ ತುಟಿ ಬಿರಿಯುತ್ತಿತ್ತು. ಒಂದು ದಿನ ಮನೆ ಸೇರಿದವರೇ ಗೋಡೆಗೊರಗಿ, "ಸಾಕವಾ ಪದ್ಮಿ, ನನ್ನ ಲಿಂಗನೂರಿಗಿ ಬಿಟ್ಟ ಬಂದಬಿಡು. ಸೂಜಿ ತಡಕೋತೇನಿ, ಈ ನೀರಡಿಕಿ ತಡಕೊಳ್ಳಾಕ ಆಗವಲ್ದು" ಎಂದರು. ಲಿಂಗನೂರಿಗೆ ಹೋದರೆ ಡಯಾಲಿಸಿಸ್ ನಿಂತಂತೆಯೇ, ಅದು ನಿಂತರೆ ಮುಂದೇನೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಬೆದರಿಬಿಟ್ಟೆ. ಕಾರು ಬಂದದ್ದು ಆ ಹೆದರಿಕೆಯಿಂದ.

ಈ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯೂ ಇದೆ. ಹಳೆಯ ಕಾರುಗಳಲ್ಲಿ ಎಂಜಿನ್ ನಿಂತರೆ ತಂಪೂ ನಿಲ್ಲುತ್ತಿತ್ತು. ಇದರಲ್ಲಿ ಎಂಜಿನ್ ಮಲಗಿದ್ದಾಗಲೂ ಬ್ಯಾಟರಿಯ ಬಲದಿಂದಲೇ ಗಾಡಿಯೂ ಓಡುತ್ತದೆ, ಎಸಿಯೂ ನಡೆಯುತ್ತದೆ. ಹಾಗೆ ಓಡುವಾಗ ಮುಂದೆ ಒಂದು ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಆ ದೀಪದ ಮೋಹ ನನಗೆ ಹತ್ತಿದ್ದನ್ನು ಏನೆಂದು ಹೇಳಲಿ! ನಡುವೆ ಎಂಜಿನ್ ಗುರ್ರೆಂದರೆ ಯಾರೋ ನನ್ನನ್ನು ಬೈದಂತಾಗಿ ಮುಖ ಸಪ್ಪಗಾಗುತ್ತಿತ್ತು. "ದಿನಾ ಅದಕ್ಕೊಂದು ಊದಿನಕಡ್ಡಿ ಹಚ್ಚು" ಎಂದು ಯಜಮಾನರು ಕಾಡುತ್ತಿದ್ದರು. ದೀಪ ಉಳಿಯಲೆಂದು ನಾನು ಕಲಿತ ವಿದ್ಯೆಗಳು ಅನೇಕ: ಹೊರಡುವ ಮುನ್ನ ಬಾಗಿಲುಗಳನ್ನು ತೆರೆದಿಟ್ಟು ಒಳಗಿನ ಕಾವನ್ನು ಹೊರಗಟ್ಟುವುದು, ಆಸ್ಪತ್ರೆಯ ಗೋಡೆಯ ನೆರಳು ಯಾವಾಗ ಯಾವ ಕಡೆಗೆ ಸರಿಯುತ್ತದೆಂದು ನೋಡಿಟ್ಟುಕೊಂಡು ಅಲ್ಲೇ ನಿಲ್ಲಿಸುವುದು, ತಂಪನ್ನು ಒಮ್ಮೆಲೇ ಕೇಳದೆ ಮೆಲ್ಲಗೆ ಕೇಳುವುದು.

ನೆರಳೆಂದಾಗ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಸಾಂಗ್ಲಿಯೇ ಬೇರೆ, ಮಿರಜೇ ಬೇರೆ. ನಡುವೆ ಹೊಲಗಳಿದ್ದವು, ರಸ್ತೆಯ ಎರಡೂ ಬದಿಗೆ ಬೇವು ಹುಣಸೆಗಳು ತಲೆ ಕೂಡಿಸಿ ನಿಂತಿದ್ದವು. ಆಮೇಲೆ ದೇಶದ ಮಾರುಕಟ್ಟೆ ತೆರೆಯಿತು, ದುಡ್ಡು ಓಡಾಡಿತು, ಗಾಡಿಗಳು ಹೆಚ್ಚಿದವು, ರಸ್ತೆ ಅಗಲವಾಯಿತು, ಮರಗಳು ಹೋದವು. ಈಗ ಎರಡು ಊರುಗಳ ನಡುವೆ ಬಿಡುವೇ ಇಲ್ಲದಂತೆ ಶೋರೂಮುಗಳು. ಪುಕ್ಕಟೆ ಸಿಗುತ್ತಿದ್ದ ತಂಪನ್ನು ಈಗ ಕಾರಿನೊಳಗೆ ಕೊಂಡು ತುಂಬಿಸಿಕೊಳ್ಳುತ್ತೇವೆಂದು ಗೊಣಗಬಹುದು, ನಾನೂ ಗೊಣಗುತ್ತೇನೆ. ಆದರೆ ಆ ಮರಗಳ ಕಾಲದಲ್ಲಿ ಮಾವಶಿಗೆ ಈ ರೋಗ ಬಂದಿದ್ದರೆ ಮಿರಜಿಗೆ ಹೋದರೂ ಡಯಾಲಿಸಿಸ್ ಸಿಗುತ್ತಿರಲಿಲ್ಲವೇನೋ ಎಂಬುದು ಹೊಳೆದಾಗ ಸುಮ್ಮನಾಗುತ್ತೇನೆ. ಕಾಲ ಒಂದು ಕೈಯಿಂದ ಕಿತ್ತುಕೊಂಡದ್ದನ್ನು ಎಣಿಸುವಾಗ ಇನ್ನೊಂದು ಕೈಯಿಂದ ಕೊಟ್ಟದ್ದನ್ನು ಮರೆಯಬಾರದಲ್ಲ. ಅದೇ ರಸ್ತೆಯಲ್ಲಿ ಕಿಕ್ಕಿರಿದ ಬಸ್ಸಿನಲ್ಲಿ ಜ್ವರದಿಂದ ಕುದಿಯುತ್ತಿದ್ದ ನನ್ನನ್ನು ಮಾವಶಿ ತೊಡೆಯ ಮೇಲೆ ಹಾಕಿಕೊಂಡು, ಸೆರಗನ್ನು ನೀರಲ್ಲಿ ಅದ್ದಿ ಹಣೆಗಿಟ್ಟು, ಕಿಟಕಿಯ ಬಿಸಿಲಿಗೆ ತಮ್ಮ ಬೆನ್ನು ಕೊಟ್ಟು ಕುಳಿತದ್ದು ನನಗಿನ್ನೂ ನೆನಪಿದೆ. ಅಂದು ನನ್ನ ಎಸಿ ಅವರೇ ಆಗಿದ್ದರು.

ಬಿಸಿಲು ಏರಿದಂತೆ ಹೊಸ ಕಾರಿಗೆ ಏನೋ ಆಯಿತು. ಹಿಂದಿನ ಸೀಟಿನ ಕೆಳಗಿನಿಂದ ಯಾವುದೋ ಫ್ಯಾನಿನ ಭೋರ್ಗರೆತ, ಹಸಿರು ದೀಪ ಹೊತ್ತಿದಷ್ಟೇ ಬೇಗ ಆರುವುದು. ಮಾವಶಿ ಹಿಂದೆ ಕುಳಿತು, "ಪದ್ಮೀ, ನಿನ್ನ ಗಾಡಿ ನನ್ನ ಕೌದಿ ಎಳೀತೈತಿ ನೋಡ" ಎನ್ನುತ್ತಿದ್ದರು. ವಯಸ್ಸಾದವರ ಮಾತೆಂದು ನಾನು, "ಹೂನ್ರಿ ಮಾವಶಿ, ನೀವು ಆರಾಮ ಕುಂದರ್ರಿ" ಎಂದು ತೇಲಿಸಿಬಿಡುತ್ತಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ, ಮಿರಜ್ ಇನ್ನೂ ದೂರವಿದ್ದಾಗ ಪರದೆಯ ಮೇಲೆ ಎಚ್ಚರಿಕೆ ಮೂಡಿತು, ತಂಪು ಇಳಿದುಹೋಯಿತು. ರಸ್ತೆ ಅಗಲವಾದರೂ ಹೇಗೋ ಬದುಕುಳಿದ ಒಂದು ಬೇವಿನ ಕೆಳಗೆ ನಿಲ್ಲಿಸಿದೆ. ಮಾವಶಿ ಕಣ್ಣು ಮುಚ್ಚಿ ಒಣ ತುಟಿ ಸವರಿಕೊಂಡರು. "ಗಾಡೀಗೂ ಸಾಕಾಗೇತಿ. ನಂದೂ ಮುಗೀತು, ಮನೀಗಿ ಹೊಳ್ಳಿಸು" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಕನ್ನಡಕ ಏರಿಸಿ ಪರದೆಯ ಬರಹವನ್ನು ಓದಿದೆ: ಬ್ಯಾಟರಿ ವಿಪರೀತ ಬಿಸಿಯಾಗಿದೆ, ಹಿಂದಿನ ಸೀಟಿನ ಬದಿಯ ಗಾಳಿಕಿಂಡಿಯನ್ನು ನೋಡಿ. ಇಳಿದು ಹೋಗಿ ಹಿಂದಿನ ಬಾಗಿಲು ತೆರೆದೆ. ಮಾವಶಿಯ ಕಾಲಿನ ಪಕ್ಕದಲ್ಲಿ, ಇಳಿಬಿದ್ದ ಕೌದಿಯ ಅಂಚು ಅಂಗೈ ಅಗಲದ ಒಂದು ಜಾಲರಿಗೆ ಬಿಗಿಯಾಗಿ ಅಂಟಿಕೊಂಡಿತ್ತು. ಎತ್ತಿದರೆ ಎಳೆತ ಕೈಗೇ ತಿಳಿಯಿತು. ಅವರು ಹೇಳುತ್ತಿದ್ದುದು ಅಕ್ಷರಶಃ ನಿಜ.

"ಒಳಗ ಬ್ಯಾಟರಿ ಐತ್ರಿ ಮಾವಶಿ," ಎಂದೆ. "ನಮಗಂತ ಬಿಟ್ಟ ತಂಪ ಗಾಳೀನ ಅದೂ ಇಲ್ಲಿಂದ ಜಗ್ಗಿ ಕುಡೀತೈತಿ. ಕೌದಿ ಅಡ್ಡ ಬಂದು ಅದಕ್ಕ ಗಾಳಿ ಸಿಕ್ಕಿಲ್ಲ."

ಮಾವಶಿ ಕಣ್ಣು ತೆರೆದರು. ಬಾಗಿ ಆ ಜಾಲರಿಯ ಮುಂದೆ ಬೆರಳು ಹಿಡಿದು, ಗಾಳಿ ಒಳಗೆ ಹೋಗುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಅಯ್ಯ ನನ್ನವ್ವ, ಇಷ್ಟ ದಿನ ಇದರ ನೀರಡಿಕಿ ಮ್ಯಾಲೆ ಕುಂತಿದ್ನೇನ ನಾ?"

ನಾನು ನಗಬೇಕೆಂದುಕೊಂಡೆ, ಆಗಲಿಲ್ಲ. ಬಾಯಾರಿಕೆ ಏನೆಂದು ಬಲ್ಲವರು ಮಾತ್ರ ಒಂದು ಯಂತ್ರದ ಬಗ್ಗೆ ಹಾಗೆ ಮರುಗಬಲ್ಲರು. ಬೇವಿನ ನೆರಳಲ್ಲಿ ಬಾಗಿಲುಗಳನ್ನು ತೆರೆದಿಟ್ಟು ಇಬ್ಬರೂ ಕಾದೆವು. ಭೋರ್ಗರೆತ ಇಳಿಯಿತು, ಎಚ್ಚರಿಕೆ ಅಳಿಸಿಹೋಯಿತು, ಎಸಿಯ ತಣ್ಣನೆ ಗಾಳಿ ಮತ್ತೆ ಬಂತು. ಮನೆಗೆ ಹೊರಳಿಸುವ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೌದಿಯನ್ನು ತೊಡೆಯ ಮೇಲೆ ಸುತ್ತಿಟ್ಟುಕೊಂಡು ಮಾವಶಿ ಮಿರಜಿನತನಕ ಆ ಜಾಲರಿಯನ್ನೇ ಕಾಯುತ್ತ ಕುಳಿತರು.

ಮರುದಿನ ಕತ್ತರಿ ಕೇಳಿದರು. ಬರಿಯ ಸೀಟಿನ ಮೇಲೆ ಅವರು ಕೂರುವವರಲ್ಲ, ಕಿಂಡಿ ಮುಚ್ಚಲೂ ಒಪ್ಪರು; ಹಾಗಾಗಿ ಕೌದಿಯನ್ನೇ ಕತ್ತರಿಸುವುದೆಂದು ನಿಶ್ಚಯಿಸಿದ್ದರು. ಜಾಲರಿಯ ಅಳತೆಯನ್ನು ನನ್ನಿಂದ ಕಾಗದದ ಮೇಲೆ ತರಿಸಿಕೊಂಡರು. ಕತ್ತರಿ ಬೀಳಬೇಕಾದ ಕಡೆಯಲ್ಲೇ ನನ್ನ ತಾಯಿಯ ಹಸಿರು ತುಂಡಿತ್ತು. "ಅದು ಇರಲಿ ಮಾವಶಿ" ಎಂದು ನಾನು ಕೈ ಹಿಡಿದೆ. ಅವರು ಆ ತುಂಡಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಉದ್ದುದ್ದ ಪಟ್ಟಿ ಮಾಡಿ, ಕತ್ತರಿಸಿದ ಕಿಂಡಿಯ ಸುತ್ತ ದಡಿಯಾಗಿ ಹೊಲಿಯತೊಡಗಿದರು. ಸೂಜಿಗಳು ಚುಚ್ಚಿ ಚುಚ್ಚಿ ಉಬ್ಬಿದ ಆ ಕೈಯಲ್ಲಿ ಹೊಲಿಗೆ ನಿಧಾನವಾಗಿ ಸಾಗಿತು. ಜೈನರ ಮನೆ, ಹೊತ್ತು ಮುಳುಗುವ ಮುನ್ನ ಉಣ್ಣಬೇಕಲ್ಲ, ಊಟಕ್ಕೆ ಕರೆದರೆ, "ತಡಿ, ಇದೊಂದ ದಡಿ" ಎಂದರು.

ಕೊನೆಯ ಗಂಟು ಹಾಕಿ, ಕೌದಿ ಕೊಡವಿ, ಕಿಂಡಿಯೊಳಗಿಂದ ನನ್ನತ್ತ ಒಮ್ಮೆ ಇಣುಕಿ ನೋಡಿದರು. ಆಮೇಲೆ ಕೇಳಿದರು:

"ನಾಳಿ ಮಿರಜಿಗಿ ಎಷ್ಟಕ್ಕ ಹೊರಡೂದು?"

ಅಷ್ಟು ದಿನ ನಾನು ಹೊರಡಿಸುತ್ತಿದ್ದೆ, ಅವರು ಹೊರಡುತ್ತಿದ್ದರು. ಹೊತ್ತು ಕೇಳಿದ್ದು ಅದೇ ಮೊದಲು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದು ಹೊತ್ತು ಹೇಳಿದೆ. ಈಗಲೂ ಕೌದಿ ಹಿಂದಿನ ಸೀಟಿನ ಮೇಲಿದೆ; ಹಸಿರು ದಡಿಯ ಕಿಂಡಿ ಜಾಲರಿಗೆ ಸರಿಯಾಗಿ ಕೂತಿದೆಯೇ ಎಂದು ಮಾವಶಿ ಕೈಯಾಡಿಸಿ ನೋಡಿ, "ಹೂಂ, ನಡಿ" ಎಂದ ಮೇಲೆಯೇ ನಾನು ಗಾಡಿ ಬಿಡುವುದು. ಹಸಿರು ದೀಪದ ಕಡೆ ನೋಡುವುದು ಎಷ್ಟೋ ಸಲ ನನಗೆ ಮರೆತೇ ಹೋಗುತ್ತದೆ.