ಹೊಸ್ತಿಲು ದಾಟಿದ ಚಪ್ಪಲಿ

ಮಹದೇವಪುರದಲ್ಲಿ ಮಳೆ ಬಂದ ದಿನ ನನ್ನ ಶೂಗೆ ನಮ್ಮ ಮನೆಯ ಗೇಟಿನ ಒಳಗೂ ಪ್ರವೇಶವಿರಲಿಲ್ಲ. ಆಫೀಸು ಇರುವುದು ಅಲ್ಲಿ, ಮನೆ ಇರುವುದು ಇಂದಿರಾನಗರದಲ್ಲಿ. ನಡುವೆ ಔಟರ್ ರಿಂಗ್ ರೋಡಿನ ಅಷ್ಟೂ ಕೆಸರನ್ನು ದಾಟಿ ಬಂದವನಿಗೆ ಅಮ್ಮ ಗೇಟಿನ ಹತ್ತಿರ ಒಂದು ಬಕೆಟ್ ನೀರು ಇಟ್ಟಿರುತ್ತಿದ್ದಳು. ನೆನೆದೆಯಾ, ಊಟ ಆಯಿತಾ ಎಂಬ ಪ್ರಶ್ನೆಗಳೆಲ್ಲ ಆಮೇಲೆ. ಐವತ್ತು ದಾಟಿದ, ತಲೆ ನರೆತ, ಆಫೀಸಿನಲ್ಲಿ ಹತ್ತು ಜನ ಸರ್ ಸರ್ ಎನ್ನುವ ಗಂಡಸು ನಾನು. ಗೇಟು ಹಿಡಿದು ಒಂಟಿ ಕಾಲಲ್ಲಿ ನಿಂತು ಲೇಸು ಬಿಚ್ಚುವಾಗ ಎದುರು ಮನೆಯವರು ಬಾಲ್ಕನಿಯಿಂದ ನೋಡಿ ನಗುತ್ತಿದ್ದರು.

ಈ ಕಾನೂನು ನನಗೊಬ್ಬನಿಗೇ ಅಲ್ಲ. ಅಪ್ಪ ಕಾರ್ಖಾನೆಯ ಕೆಲಸದಲ್ಲಿದ್ದಾಗ ಕಟ್ಟಿಸಿದ ಮನೆ ಇದು. ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಾಕಿ ಮುಗಿದ ದಿನವೇ ಅಮ್ಮ ಇದರ ಮೇಲೆ ಚಪ್ಪಲಿ ಓಡಾಡಕೂಡದು ಎಂದು ತೀರ್ಮಾನಿಸಿದಳು. ಅಪ್ಪ ಹೋಗಿ ವರ್ಷಗಳಾದವು, ತೀರ್ಮಾನ ಮಾತ್ರ ಹಾಗೇ ಇತ್ತು. ಒಮ್ಮೆ ಚುನಾವಣೆಯಲ್ಲಿ ಮತ ಕೇಳಲು ಬಂದ ಅಭ್ಯರ್ಥಿಯನ್ನೂ ಅವರ ಹಿಂದಿದ್ದ ಎಂಟು ಜನರನ್ನೂ ಬಾಗಿಲಲ್ಲೇ ನಿಲ್ಲಿಸಿ ಚಪ್ಪಲಿ ಬಿಡಿಸಿದ್ದಳು. ಹೋಗುವಾಗ ಅವಸರದಲ್ಲಿ ಅಭ್ಯರ್ಥಿ ಯಾರದೋ ಚಪ್ಪಲಿ ಹಾಕಿಕೊಂಡು ಹೋದರು, ಅವರ ಹಿಂಬಾಲಕರೊಬ್ಬರು ಅರ್ಧ ಗಂಟೆ ನಮ್ಮ ಗೇಟಿನಲ್ಲಿ ಬರಿಗಾಲಲ್ಲಿ ನಿಂತಿದ್ದರು. ಆ ಅಭ್ಯರ್ಥಿ ಸೋತರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾಳೆ, ಆದರೆ ಹೇಳುವಾಗ ಮುಖದಲ್ಲಿ ಏನೋ ಒಂದು ತೃಪ್ತಿ ಇರುತ್ತದೆ.

ನನ್ನ ಹೆಂಡತಿ ಒಂದೇ ಒಂದು ಸಲ ತಿದ್ದುಪಡಿ ತರಲು ನೋಡಿದ್ದಳು. ಮಾರತ್ತಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿರುವ ತನ್ನ ಗೆಳತಿಯ ಮನೆಯಲ್ಲಿ, ಒಳಗೆ ಹಾಕಿಕೊಳ್ಳಲೆಂದೇ ಬೇರೆ ಚಪ್ಪಲಿ ಇಟ್ಟಿದ್ದಾರೆ, ಚಳಿಗಾಲಕ್ಕೆ ಒಳ್ಳೆಯದು ಎಂದಳು.

"ಒಳಗೆ ಹಾಕ್ಕೊಳ್ಳೋಕೆ ಒಂದು ಜೊತೆ ಚಪ್ಪಲಿನಾ?" ಎಂದಳು ಅಮ್ಮ. "ಹಾಸಿಗೆಗೂ ಒಂದು ಜೊತೆ ಇಟ್ಟಿದಾರಾ ಕೇಳಮ್ಮ."

ವಿಷಯ ಅಲ್ಲಿಗೆ ಮುಗಿಯಿತು. ಅಮ್ಮನಿಗೆ ಎಪ್ಪತ್ತೊಂದು, ಸಕ್ಕರೆ ಕಾಯಿಲೆಗೆ ಹದಿನೈದು. ಕಾಯಿಲೆಯ ಜೊತೆ ಅವಳದು ಒಂದು ಒಪ್ಪಂದ: ಮಾತ್ರೆ ತಪ್ಪದೆ ನುಂಗುತ್ತಾಳೆ, ಅದಕ್ಕೆ ಪ್ರತಿಯಾಗಿ ಹಬ್ಬದಲ್ಲಿ ಒಬ್ಬಟ್ಟು ತಿಂದರೆ ಯಾರೂ ಕೇಳಬಾರದು.

ಒಂದು ಭಾನುವಾರ ಬೆಳಗ್ಗೆ ಅಮ್ಮನ ಕೂಗಿಗೆ ನಾನೂ ಹೆಂಡತಿಯೂ ಎದ್ದುಬಿದ್ದು ಹಾಲಿಗೆ ಬಂದೆವು. ನೆಲದ ಮೇಲೆ ಕಂದು ಬಣ್ಣದ ಕಲೆಗಳು. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ದೇವರ ಮನೆಗೆ, ಒಂದೊಂದು ಹೆಜ್ಜೆ ದೂರಕ್ಕೆ ಒಂದೊಂದು.

"ಯಾರೋ ಶೂ ಹಾಕ್ಕೊಂಡು ಒಳಗೆ ಬಂದಿದಾರೆ," ಎಂದಳು. "ದೇವರ ಮನೆಗೂ ಹೋಗಿದಾರೆ. ಯಾರು?"

ಮನೆಯಲ್ಲಿ ಇದ್ದವರೇ ಮೂವರು. ಅಮ್ಮ ದೂರು ಕೊಡುವವಳು, ಹೆಂಡತಿಗೆ ಶೂ ಇಲ್ಲ, ಉಳಿದವನು ನಾನು. ಹಿಂದಿನ ದಿನ ಮಳೆ ಬಂದಿತ್ತೆಂಬುದು ನನ್ನ ವಿರುದ್ಧ ನಿಂತ ಮೊದಲ ಸಾಕ್ಷಿ. ಅಮ್ಮ ನನ್ನ ಶೂ ತರಿಸಿದಳು. ಶೂ ನೆಲಕ್ಕೆ ತಾಗಬಾರದಲ್ಲ, ಅದಕ್ಕೆ ಪೇಪರ್ ಹಾಸಿ, ಪೇಪರಿನ ಮೇಲೆ ಶೂ ಇಟ್ಟು, ಹಿಮ್ಮಡಿಯ ಅಗಲವನ್ನು ಕಲೆಯ ಅಗಲಕ್ಕೆ ಹೋಲಿಸಿ ನೋಡಿದಳು. ಹೊಂದಲಿಲ್ಲ. ನಾನು ಖುಲಾಸೆಯಾದೆ, ಆದರೆ ಅವಳ ನೋಟದಲ್ಲಿ ಪೂರ್ತಿಯಾಗಿ ಅಲ್ಲ. ಆಮೇಲೆ ಹಿಂದಿನ ದಿನ ಗ್ಯಾಸ್ ಸಿಲಿಂಡರ್ ತಂದವನ ಮೇಲೆ ಅನುಮಾನ ತಿರುಗಿತು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಅವನು ಎಲ್ಲಿಂದ ಬಂದ, ಎಲ್ಲಿ ನಿಂತ, ಹೇಗೆ ಹೋದ ಎಂದು ನಡೆದು ತೋರಿಸತೊಡಗಿದಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಹೆಂಡತಿ ನಗಲಿಲ್ಲ. ಅವಳು ಅಮ್ಮನ ಹಿಂದಿನ ನೆಲವನ್ನೇ ನೋಡುತ್ತಿದ್ದಳು.

"ಅತ್ತೆ, ನಿಂತ್ಕೊಳ್ಳಿ. ಅಲ್ಲೇ ನಿಂತ್ಕೊಳ್ಳಿ."

ಅಮ್ಮ ನಡೆದಲ್ಲೆಲ್ಲ ಹೊಸ ಕಲೆ ಬೀಳುತ್ತಿತ್ತು. ಅವು ಕಂದು ಅಲ್ಲ, ಕೆಂಪು. ಕುರ್ಚಿಯ ಮೇಲೆ ಕೂರಿಸಿ ಬಲಗಾಲು ಎತ್ತಿ ನೋಡಿದರೆ, ಹೆಬ್ಬೆರಳ ಬುಡದಲ್ಲಿ ಒಂದು ಡ್ರಾಯಿಂಗ್ ಪಿನ್ನು ತಲೆಯವರೆಗೂ ಹೊಕ್ಕು ಕೂತಿತ್ತು. ಬೆಳಗ್ಗೆಯಿಂದ ಅದನ್ನು ಕಾಲಲ್ಲಿಟ್ಟುಕೊಂಡೇ ಅಮ್ಮ ಕಳ್ಳನನ್ನು ಹುಡುಕುತ್ತಿದ್ದಳು.

"ನೋವಾಗ್ತಿಲ್ವಾ?" ಎಂದೆ.

"ಆಗ್ತಿದೆ, ಆಗ್ತಿದೆ," ಎಂದಳು, ನಾನು ಪಿನ್ನು ಕಿತ್ತು ಪಕ್ಕಕ್ಕಿಟ್ಟ ಮೇಲೆ.

ಮಾರನೆಯ ದಿನ ಹಲಸೂರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಬಾಗಿಲಿನ ಪಕ್ಕದಲ್ಲಿ 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂಬ ಬೋರ್ಡು. ಅಮ್ಮ ಅದನ್ನು ಓದಿ ಮೆಚ್ಚಿಕೊಂಡು, ಕಾಲಿಗೆ ಬ್ಯಾಂಡೇಜ್ ಇದ್ದರೂ ಚಪ್ಪಲಿಗಳನ್ನು ಜೋಡಿಸಿಟ್ಟು ಒಳಗೆ ಹೋದಳು. ಡಾಕ್ಟರು ಮೂವತ್ತರ ಆಸುಪಾಸಿನ ಹುಡುಗಿ. ಗಾಯ ನೋಡಿ, ಡ್ರಾಯರಿನಿಂದ ಗಾಳದ ದಾರದಂಥ ಒಂದು ತುಂಡು ನೈಲಾನ್ ಎಳೆ ತೆಗೆದಳು.

"ಅಮ್ಮಾ, ಕಣ್ಣು ಮುಚ್ಕೊಳ್ಳಿ. ಈ ದಾರ ಕಾಲಿಗೆ ತಾಗಿದಾಗೆಲ್ಲ ಹೂಂ ಅನ್ನಿ."

ಅಮ್ಮ ಕಣ್ಣು ಮುಚ್ಚಿಕೊಂಡು, "ಹೂಂ," ಎಂದಳು. ದಾರ ಇನ್ನೂ ಡಾಕ್ಟರ ಕೈಯಲ್ಲೇ ಇತ್ತು. ಸ್ವಲ್ಪ ಬಿಟ್ಟು ಮತ್ತೆ "ಹೂಂ". ಡಾಕ್ಟರು ನನ್ನ ಮುಖ ನೋಡಿದಳು. ಆಮೇಲೆ ದಾರವನ್ನು ಅಮ್ಮನ ಬೆರಳಿಗೆ, ಅಂಗಾಲಿಗೆ, ಹಿಮ್ಮಡಿಗೆ ಅದು ಬಾಗುವವರೆಗೆ ಒತ್ತಿದಳು. ಅಮ್ಮ ಸುಮ್ಮನಿದ್ದಳು. ಡಾಕ್ಟರು ದಾರ ಕೆಳಗಿಟ್ಟು ಚೀಟಿಯಲ್ಲಿ ಏನೋ ಬರೆಯುವಾಗ ಅಮ್ಮ ಬಹಳ ಖಚಿತವಾಗಿ "ಹೂಂ, ಹೂಂ," ಎಂದು ಎರಡು ಸಲ ಅಂದಳು.

ಮೊದಲು ನನಗೆ ನಗು ಬಂತು. ಓದದೆ ಪರೀಕ್ಷೆಗೆ ಬಂದ ಹುಡುಗಿ ಅಂದಾಜಿನ ಮೇಲೆ ಉತ್ತರ ಬರೆಯುವ ಹಾಗಿತ್ತು. ಆಮೇಲೆ ನಗು ನಿಂತಿತು. ಗೊತ್ತಿಲ್ಲದೆ ತಪ್ಪು ಹೇಳುತ್ತಿದ್ದರೆ ಬೇರೆ ಮಾತು. ಅಮ್ಮನಿಗೆ ತನ್ನ ಕಾಲು ಗೊತ್ತಾಗುವುದಿಲ್ಲವೆಂಬುದು ಚೆನ್ನಾಗಿ ಗೊತ್ತಿತ್ತು, ಅದನ್ನು ಮುಚ್ಚಿಡುತ್ತಿದ್ದಳು.

ಅವಳು ಕಣ್ಣು ಬಿಟ್ಟು, "ಎಲ್ಲಾ ಸರಿ ಹೇಳಿದ್ನಾ?" ಎಂದು ಕೇಳಿದಳು.

"ಪೂರ್ತಿ ಸರಿ ಇಲ್ಲ ಅಮ್ಮಾ," ಎಂದಳು ಡಾಕ್ಟರು ಮೆತ್ತಗೆ. "ಇನ್ಮೇಲೆ ಒಂದು ಹೆಜ್ಜೆನೂ ಬರಿಗಾಲಲ್ಲಿ ಇಡೋ ಹಾಗಿಲ್ಲ. ಮನೆ ಒಳಗೂ ಚಪ್ಪಲಿ ಹಾಕ್ಕೋಬೇಕು. ಗಾಯ ಆದ್ರೆ ನಿಮಗೆ ಗೊತ್ತೇ ಆಗಲ್ಲ, ಗೊತ್ತಾಗೋ ಹೊತ್ತಿಗೆ ಕಾಲು ಉಳಿಸೋದು ಕಷ್ಟ ಆಗುತ್ತೆ."

"ಮನೆ ಒಳಗೂ," ಎಂದಳು ಅಮ್ಮ. ಬಾಗಿಲ ಕಡೆ ಕೈ ತೋರಿಸಿದಳು. "ನಿಮ್ಮ ಬಾಗಿಲಲ್ಲೇ ಚಪ್ಪಲಿ ಬಿಡಿ ಅಂತ ಬೋರ್ಡ್ ಹಾಕಿದೀರಲ್ಲಮ್ಮಾ."

ಡಾಕ್ಟರು ಬಾಗಿಲ ಕಡೆ ನೋಡಿದಳು, ಅಮ್ಮನ ಬರಿಗಾಲು ನೋಡಿದಳು. ಮುಂದಿನ ವಾರ ಡ್ರೆಸ್ಸಿಂಗಿಗೆ ಹೋದಾಗ ಬೋರ್ಡಿನ ಕೆಳಗೆ ಸ್ಕೆಚ್ ಪೆನ್ನಿನಲ್ಲಿ 'ಶುಗರ್ ಇರುವವರು ಬಿಡಬೇಡಿ' ಎಂಬ ಸಾಲು ಸೇರಿತ್ತು.

ಆ ಮೊದಲ ದಿನ ಮನೆಗೆ ಬರುವಾಗ ಆಟೋದಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ, ಅಮ್ಮ ರಸ್ತೆ ನೋಡುತ್ತಲೇ ಹೇಳಿದಳು. ಹೋದ ಗೌರಿ ಹಬ್ಬಕ್ಕೆ ಹಲಸೂರು ಮಾರ್ಕೆಟ್ಟಿಗೆ ಹೋಗಿದ್ದಳಂತೆ. ಹೂ ತೆಗೆದುಕೊಂಡು ನಾಲ್ಕು ಅಂಗಡಿ ದಾಟಿ ಬಂದ ಮೇಲೆ ಹೂವಿನವಳು ಹಿಂದಿನಿಂದ, "ಅಮ್ಮಾ, ಒಂದು ಚಪ್ಪಲಿ ಇಲ್ಲೇ ಬಿಟ್ಬಿಟ್ರಲ್ಲಾ!" ಎಂದು ಕೂಗಿದಳಂತೆ. ನೋಡಿಕೊಂಡರೆ ಎಡಗಾಲಲ್ಲಿ ಚಪ್ಪಲಿಯೇ ಇಲ್ಲ.

"ಅವತ್ತೇ ಗೊತ್ತಾಯ್ತು," ಎಂದಳು. "ಯಾರಿಗೂ ಹೇಳ್ಬೇಡ ಕಣೋ. ನಿನ್ನ ಹೆಂಡ್ತಿಗೂ. ಕಾಲು ಗೊತ್ತಾಗಲ್ಲ ಅಂದ್ರೆ ಇವಳ ಕೈಲಿ ಏನೂ ಆಗಲ್ಲ ಅಂತ ಮೂಲೇಲಿ ಕೂರಿಸ್ಬಿಡ್ತೀರ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮನೆಯೊಳಗೆ ಚಪ್ಪಲಿ ಗಾಯ ಆರುವವರೆಗೆ ಮಾತ್ರ ಎಂದು ಹೆಂಡತಿಗೆ ಸುಳ್ಳು ಹೇಳಿದೆ.

ಶಿವಾಜಿನಗರದ ಅಂಗಡಿಯಲ್ಲಿ ಮೆತ್ತನೆಯ, ಪಟ್ಟಿ ಅಂಟಿಸುವ ಚಪ್ಪಲಿ ತೆಗೆದುಕೊಂಡೆವು. ಅಂಗಡಿಯವರು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ ಎಂದರೆ ಅಮ್ಮ ಒಪ್ಪಲಿಲ್ಲ. ಅಂಗಡಿಯ ನೆಲ ಮುಟ್ಟಿದ ಚಪ್ಪಲಿ ಮನೆಯೊಳಗೆ ಬರುವುದು ಹೇಗೆ? ಕೊನೆಗೆ ಕೂತಲ್ಲೇ, ಕಾಲನ್ನು ಗಾಳಿಯಲ್ಲಿ ಎತ್ತಿಹಿಡಿದು ಅಳತೆ ನೋಡಿದ್ದಾಯಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು. ಬಚ್ಚಲಿನಲ್ಲಿ ಸೋಪು ಹಾಕಿ ತೊಳೆದು, ಅರಿಶಿನದ ನೀರು ಚಿಮುಕಿಸಿ, ಬಟ್ಟೆಯಲ್ಲಿ ಒರೆಸಿ ಒಳಗೆ ಬಿಟ್ಟುಕೊಂಡಳು. ಹೊಸ ಸೊಸೆಗೂ ನಮ್ಮ ಮನೆಯಲ್ಲಿ ಇಷ್ಟು ಉಪಚಾರ ಆಗಿರಲಿಲ್ಲ ಎಂದು ನನ್ನ ಹೆಂಡತಿ ಅಂದಳು.

ಇಷ್ಟೆಲ್ಲ ಮಾಡಿದವಳು ಹಾಕಿಕೊಳ್ಳುತ್ತಾಳೆಂದು ನಾನು ನಂಬಿದ್ದೆ. ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ ಏನೋ ಕೆಲಸಕ್ಕೆ ಬೇಗ ಬಂದರೆ, ಚಪ್ಪಲಿಗಳು ಸೋಫಾದ ಪಕ್ಕ ಪೇಪರಿನ ಮೇಲೆ ನೆಟ್ಟಗೆ ಕೂತಿದ್ದವು, ಅಮ್ಮ ಬರಿಗಾಲಲ್ಲಿ ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು. ನನಗೆ ಎಲ್ಲಿತ್ತೋ ಕೋಪ. ಕಾಲು ಕತ್ತರಿಸುತ್ತಾರೆ, ಆಗ ಒಂದೇ ಚಪ್ಪಲಿ ಸಾಕಾಗುತ್ತೆ, ಎಂದುಬಿಟ್ಟೆ. ಆಡಬಾರದ ಮಾತು. ಆಡಿದ ಕ್ಷಣವೇ ನಾಲಿಗೆ ಕಚ್ಚಿಕೊಂಡೆ.

"ನಾನೇ ಹಾಕ್ಕೊಂಡು ಓಡಾಡಿದ್ರೆ," ಎಂದಳು ಅಮ್ಮ, "ಇನ್ನು ಯಾರಿಗೆ ಅಂತ ಚಪ್ಪಲಿ ಹೊರಗೆ ಬಿಡಿ ಅನ್ಲೋ?"

ಅಂದಿನಿಂದ ಅಮ್ಮ ಚಪ್ಪಲಿ ಹಾಕಿಕೊಂಡಳು. ಮರು ಮಾತಿಲ್ಲದೆ, ಎದ್ದಾಗಿನಿಂದ ಮಲಗುವವರೆಗೆ. ದೇವರ ಮನೆಗೆ ಮಾತ್ರ ದಪ್ಪನೆಯ ಕಾಲುಚೀಲ. ನಾನು ಗೆದ್ದಿದ್ದೆ, ಆದರೆ ಮನೆ ಮನೆಯಂತಿರಲಿಲ್ಲ. ಮಳೆ ಬಂದ ದಿನ ಗೇಟಿನಲ್ಲಿ ಬಕೆಟ್ ಇರಲಿಲ್ಲ. ಪಕ್ಕದ ಮನೆಯವರು ಅಮ್ಮನ ಕಾಲು ನೋಡಿ, ಕಾಲ ಬದಲಾಯಿತೆಂದುಕೊಂಡು, ಸ್ಯಾಂಡಲ್ ಹಾಕಿಕೊಂಡೇ ಸೋಫಾದವರೆಗೆ ಬಂದು ಕೂತರು. ಅಮ್ಮ ಆ ಸ್ಯಾಂಡಲ್ಲನ್ನೇ ನೋಡುತ್ತ ಕಾಫಿ ಕೊಟ್ಟಳು. ಅವರು ಹೋದ ಮೇಲೆ ಕೋಣೆಗೆ ಹೋಗಿ ಮಲಗಿದಳು. ಹಳೆಯ ಅಮ್ಮ ಬೇಕೆನ್ನಿಸಿ ನನಗೆ ಅಳು ಬರುವಂತಾಯಿತು.

ಒಂದು ಶನಿವಾರ ನೀರಿನ ಫಿಲ್ಟರ್ ರಿಪೇರಿಗೆ ಮೆಕ್ಯಾನಿಕ್ ಬಂದರು. ನನ್ನ ವಯಸ್ಸಿನವರು, ಶಿವಾಜಿನಗರದ ಕಡೆಯವರು, ಕಾಲಲ್ಲಿ ಧೂಳು ಹಿಡಿದ ದಪ್ಪ ಶೂ. ಬಾಗಿಲಲ್ಲಿ ನಿಂತು ಬಗ್ಗಿ ಲೇಸಿಗೆ ಕೈ ಹಾಕಿದವರು, ಸೋಫಾದಲ್ಲಿ ಕೂತಿದ್ದ ಅಮ್ಮನ ಚಪ್ಪಲಿ ನೋಡಿ ಸಮಾಧಾನವಾಗಿ ನೆಟ್ಟಗೆ ನಿಂತರು, ಒಂದು ಕಾಲು ಹೊಸ್ತಿಲೊಳಗೆ ಇಟ್ಟರು.

"ನಿಲ್ಲಿ," ಎಂದಳು ಅಮ್ಮ. ಎಷ್ಟೋ ದಿನದ ಮೇಲೆ ಕೇಳಿದ ದನಿ. "ನಿಮಗೆ ಶುಗರ್ ಇದೆಯಾ?"

ಅವರು ಬೇರೆ ಯಾರದೋ ಮನೆಗೆ ಬಂದೆನೇನೋ ಎಂಬಂತೆ ನನ್ನ ಕಡೆ ನೋಡಿದರು. "ಯಾಕಮ್ಮಾ?"

"ಇದ್ರೆ ಹಾಗೇ ಬನ್ನಿ. ಇಲ್ದಿದ್ರೆ ಶೂ ಬಿಚ್ಚಿ."

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಅಮ್ಮ ಕಾನೂನಿಗೆ ತಾನೇ ತಿದ್ದುಪಡಿ ತಂದಿದ್ದಳು, ಅದೂ ಡಾಕ್ಟರ ಬೋರ್ಡಿನಿಂದ ಎತ್ತಿಕೊಂಡು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು.

"ಇದೆ ಅಮ್ಮಾ," ಎಂದರು ಅವರು. "ಆರು ವರ್ಷ ಆಯ್ತು."

ಇದನ್ನು ಅಮ್ಮ ನಿರೀಕ್ಷಿಸಿರಲಿಲ್ಲ. ಲೇಸು ಬಿಚ್ಚುವ ಸೋಮಾರಿತನಕ್ಕೆ ಹೇಳುತ್ತಿರಬಹುದೆಂದು ಅನುಮಾನ ಬಂದಿರಬೇಕು. ಯಾವ ಮಾತ್ರೆ, ದಿನಕ್ಕೆ ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಹೊಸ್ತಿಲಲ್ಲೇ ವಿಚಾರಣೆ ನಡೆಸಿದಳು. ಅವರು ತಡವರಿಸದೆ ಎಲ್ಲದಕ್ಕೂ ಉತ್ತರ ಕೊಟ್ಟರು. "ಸರಿ, ಬನ್ನಿ," ಎಂದಳು. ಆ ಶೂ ಹಾಲ್ ದಾಟಿ ಅಡುಗೆಮನೆ ಸೇರುವವರೆಗೂ ಒಂದೊಂದು ಹೆಜ್ಜೆಯನ್ನೂ ಕಷ್ಟಪಟ್ಟು ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂತಳು.

"ಕಾಲು ಉರಿಯುತ್ತಾ?"

"ಮುಂಚೆ ತುಂಬಾ ಉರೀತಿತ್ತಮ್ಮಾ," ಎಂದರು ಅವರು ಸ್ಪ್ಯಾನರ್ ತಿರುಗಿಸುತ್ತ. "ಈಗ ಏನೂ ಇಲ್ಲ. ವಾಸಿ ಆಗ್ಬಿಟ್ಟಿದೆ."

ನನ್ನ ಹೆಂಡತಿ ಅಲ್ಲೇ ಸಿಂಕಿನ ಹತ್ತಿರ ನಿಂತಿದ್ದಳು. ಅಮ್ಮ ಅವಳನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ವಾಸಿ ಆಗಿಲ್ಲ ಕಣಪ್ಪಾ," ಎಂದಳು. "ನಾನೂ ಹಾಗೇ ಅಂದ್ಕೊಂಡಿದ್ದೆ. ನನಗೆ ಎರಡು ಕಾಲೂ ಗೊತ್ತಾಗಲ್ಲ. ಕೆಂಡ ತುಳಿದ್ರೂ ಗೊತ್ತಾಗಲ್ಲ. ಎಲ್ಲಿ, ಶೂ ಬಿಚ್ಚಿ, ನೋಡೋಣ."

ಅವರು ಬೇಡಮ್ಮಾ, ಧೂಳು, ವಾಸನೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲುಚೀಲ ತೆಗೆಸಿ, ಎಡಗಾಲಿನ ಅಡಿಯನ್ನು ಬೆಳಕಿಗೆ ತಿರುಗಿಸಿದಳು. ಹಿಮ್ಮಡಿಯ ಪಕ್ಕದಲ್ಲಿ ಹುಣಿಸೆಬೀಜದಷ್ಟು ದೊಡ್ಡ ಗಾಯ, ಅಂಚು ಕಪ್ಪಾಗಿತ್ತು.

"ಇದು ಯಾವಾಗ ಆಯ್ತು?"

"ಯಾವುದಮ್ಮಾ?" ಎಂದರು ಅವರು.

ಅಮ್ಮ ನನ್ನ ಕಡೆ ತಿರುಗಿ, "ಆಟೋ ಕರಿ," ಎಂದಳು.