ಅಕ್ಕನ ತೊಡೆಯ ಕಪ್ಪು

ಕಳೆದ ವಾರ ಹಾಸನದ ಔಷಧಿ ಅಂಗಡಿಯಲ್ಲಿ ಅತ್ತೆಗೆಂದು ಕೊಟ್ಟ ಮಾತ್ರೆಯ ಹೆಸರನ್ನು ಎರಡು ಸಲ ಓದಿದೆ. ರಕ್ತ ತೆಳುವಾಗಿಸುವ ಮಾತ್ರೆ. ಕೊಣನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನಿಗೂ ಅದನ್ನೇ ಕೊಟ್ಟಿದ್ದರು...

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ನನ್ನ ಮದುವೆಯ ರವಿಕೆಗಳೆಲ್ಲ ಅವಳ ಕೈಯವೇ. ಒಮ್ಮೆ ಅವಳ ಎಡಗಾಲು ಊದಿಕೊಂಡಿತು. ರಕ್ತ ಹೆಪ್ಪುಗಟ್ಟಿದೆ ಎಂದು ಹಾಸನದಲ್ಲಿ ಮಾತ್ರೆ ಬರೆದು ಕಳಿಸಿದರು. ನಾಲ್ಕನೆಯ ದಿನ ಸ್ನಾನ ಮಾಡಿಸಲು ಹೋದವಳು ನಾನು. ಸೀರೆ ಸರಿಸಿದರೆ ತೊಡೆಯ ಮೇಲೆ ಅಂಗೈಯಗಲ ನೇರಳೆ ಬಣ್ಣ, ನಡುವೆ ಕಪ್ಪು. ಬೆರಳು ತಾಗಿದ್ದಕ್ಕೇ ಚೀರಿದಳು.

"ಭಾವ ಏನಾರ ಮಾಡಿದ್ರಾ ಅಕ್ಕ?"

"ಇಲ್ಲ ಕಣೆ, ತಾನಾಗೇ ಬಂತು. ಅವ್ರು ಮುಟ್ಟೂ ಇಲ್ಲ."

ನಾನು ನಂಬಲಿಲ್ಲ. ಹಿಂದೊಮ್ಮೆ ಭಾವ ಕುಡಿದು ಅವಳ ಮೇಲೆ ಕೈ ಮಾಡಿದ್ದರು. ಕುಡಿತ ಬಿಟ್ಟು ವರ್ಷಗಳಾಗಿದ್ದರೂ ನಾನು ಮರೆತಿರಲಿಲ್ಲ. ಏಟು ತಿಂದವರೆಲ್ಲ ಹೀಗೇ ಹೇಳುವುದು ಅಂದುಕೊಂಡು, ಹೊಳೆನರಸೀಪುರದಲ್ಲಿದ್ದ ಅವಳ ತಮ್ಮಂದಿರಿಗೆ ಫೋನ್ ಮಾಡಿ, ತೊಡೆ ಸುಟ್ಟ ಹಾಗೆ ಕಪ್ಪಾಗಿದೆ ಎಂದೆ.

ಅವರು ಬಂದವರೇ ಭಾವನನ್ನು ಬೀದಿಗೆಳೆದರು. "ನಮ್ಮಕ್ಕನ್ನ ಸುಟ್ಟಿದ್ದೀಯೇನ್ಲಾ?" ನಾವೆಲ್ಲ ಜಗಲಿಯ ಮೇಲೆ ನಿಂತು ನೋಡಿದೆವು. ಭಾವ ತಿರುಗಿ ಕೈ ಎತ್ತಲಿಲ್ಲ. "ಆಮೇಲೆ ಒಡೀರ್ಲಾ... ಮೊದ್ಲು ಅವ್ಳನ್ನ ಆಸ್ಪತ್ರೆಗೆ ಕರ್ಕೊಂಡು ಓಗನ" ಎನ್ನುತ್ತಲೇ ಇದ್ದರು. ತಮ್ಮಂದಿರು ಅಕ್ಕನನ್ನು ತವರಿಗೆ ಕರೆದೊಯ್ದು ಎರಡು ದಿನ ಸುಟ್ಟಗಾಯದ ಮುಲಾಮು ಹಚ್ಚಿದರು. ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ನುಂಗಿಸಿದರು.

ಕಪ್ಪು ಹೊಟ್ಟೆಯವರೆಗೆ ಏರಿದಾಗ ಹಾಸನಕ್ಕೆ ತಂದರು. ಅಲ್ಲಿ ಚರ್ಮದ ಡಾಕ್ಟರು ಮೊದಲು ಕೇಳಿದ್ದೇ, "ಈ ಮಾತ್ರೆ ಶುರು ಮಾಡಿ ಎಷ್ಟು ದಿನ ಆಯ್ತು?" ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದು ಅಂಶ ಅಕ್ಕನಲ್ಲಿ ಹುಟ್ಟಿನಿಂದಲೇ ಕಡಿಮೆಯಿತ್ತಂತೆ. ಇದ್ದಷ್ಟನ್ನೂ ಆ ಮಾತ್ರೆ ಮೊದಲ ದಿನಗಳಲ್ಲೇ ಇಳಿಸಿ, ಚರ್ಮದ ಸಣ್ಣ ನಾಳಗಳು ಕಟ್ಟಿಕೊಂಡು ಮಾಂಸ ಸತ್ತಿತ್ತು. "ಕಪ್ಪು ಕಂಡ ದಿನವೇ ಬಂದಿದ್ರೆ..." ಎಂದರು ಡಾಕ್ಟರು. ಮಾತ್ರೆ ನಿಲ್ಲಿಸಿದರು, ಸತ್ತ ಮಾಂಸ ಕತ್ತರಿಸಿದರು. ನಂಜೇರಿ ಮೂರನೆಯ ವಾರ ಅಕ್ಕ ಹೋದಳು.

ಭಾವ ಈಗ ಚನ್ನರಾಯಪಟ್ಟಣದ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ. ನಿನ್ನೆ ಹುಡುಕಿಕೊಂಡು ಹೋಗಿ ಪಕ್ಕದಲ್ಲಿ ಕುಳಿತೆ. "ಅವತ್ತು ಫೋನ್ ಮಾಡಿದ್ದು ನಾನೇ ಭಾವ, ತಪ್ಪಾಯ್ತು" ಎಂದೆ.

"ಆ ಕಿವಿ ಕೇಳಕ್ಕಿಲ್ಲ ಕಣಮ್ಮ, ಅವ್ರು ಒಡೆದಾಗಿಂದ. ಈ ಕಡೆ ಬಂದು ಯೋಳು."

ಎದ್ದು ಆ ಕಡೆಗೆ ಹೋದೆ. ಎರಡನೆಯ ಸಲ ಹೇಳಲು ಬಾಯಿ ಬರಲಿಲ್ಲ. "ಅಕ್ಕ ಇರಬೇಕಿತ್ತು" ಎಂದೆ.

ಅದು ಅವರಿಗೆ ಕೇಳಿಸಿತು.