ಬಾಲ ಎತ್ತಿ ಕುಣಿಯುವ ಅಕ್ಷರ

ಹಳೆಯ ಸಿನಿಮಾ ಪೋಸ್ಟರುಗಳ ಗುಂಗಿನಲ್ಲಿ ನಾನೊಂದು ದೇವನಾಗರಿ ಫಾಂಟ್ ಮಾಡಿದ್ದೆ. ಹೊಟ್ಟೆ ಉಬ್ಬಿಸಿಕೊಂಡು, ಬಾಲ ಎತ್ತಿ ಕುಣಿಯುವ ಅಕ್ಷರಗಳು. ಐಸ್‌ಕ್ರೀಮ್ ಅಂಗಡಿಗೆ, ಮಕ್ಕಳ ಹುಟ್ಟುಹಬ್ಬಕ್ಕೆ ಹೇಳಿ ಮಾಡಿಸಿದಂತಿದ್ದವು. ಮೊನ್ನೆ ಸದಾಶಿವ ಪೇಠದ ಚೌಕದಲ್ಲಿ ಅವನ್ನು ಕಂಡು ಗಕ್ಕನೆ ನಿಂತೆ. ಫ್ಲೆಕ್ಸ್ ಮೇಲೆ ಮಾಲೆ ಹಾಕಿದ ಅಜ್ಜಿಯೊಬ್ಬರ ಫೋಟೋ. ಕೆಳಗೆ ನನ್ನ ಅಕ್ಷರಗಳಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’!

ಅದನ್ನು ಮುದ್ರಿಸಿದ ಅಂಗಡಿಯನ್ನು ಹುಡುಕಿಕೊಂಡು ನುಗ್ಗಿದೆ. ಮಾಲೀಕರು ಈ ಮರಾಠಿ ಊರಿಗೆ ಬಂದು ನೆಲೆಸಿದ ಕಲಬುರಗಿ ಕಡೆಯವರು.

“ಸತ್ತವರಿಗೆ ಯಾರಾದ್ರೂ ಈ ಅಕ್ಷರ ಹಾಕ್ತಾರೇನ್ರೀ? ಇದನ್ನ ಮಾಡಿದವಳು ನಾನು!” ಎಂದು ರೇಗಿದೆ.

ಅವರ ಮುಖ ಅರಳಿತು. “ಭಾಳ ಛಲೋ ಮಾಡೀರಿ ಮೇಡಂ! ಓಡೋ ರಿಕ್ಷಾದಾಗ ಕುಂತವ್ರಿಗೂ ಹೆಸರು ಕಾಣ್ತದ. ಸುದ್ದಿ ಮುಟ್ಟಬೇಕಲ್ರಿ? ತೀರಿಕೊಂಡವ್ರಿಗೆಲ್ಲ ಈಗ ಇದನ್ನೇ ಹಾಕ್ತೀವಿ.”

ಅವರು ಕೀಬೋರ್ಡ್ ಎಳೆದುಕೊಂಡರು.

“ತಡೀರಿ, ತೋರಿಸ್ತೀನಿ. ನಿಮ್ಮ ಹೆಸರೇನ್ರಿ?”

ಸಿಟ್ಟಿನ ಭರದಲ್ಲಿ ಹೇಳಿಬಿಟ್ಟೆ. ಕಂಪ್ಯೂಟರ್ ಪರದೆಯ ಮೇಲೆ, ಮಾಲೆ ಹಾಕಿದ ಖಾಲಿ ಚೌಕಟ್ಟಿನ ಕೆಳಗೆ, ನನ್ನ ಹೆಸರು ಬಾಲ ಎತ್ತಿ ಕುಣಿಯಿತು.

“ಹೆಂಗ ಕಾಣ್ತದ ನೋಡ್ರಿ!” ಎಂದರು ಅವರು. “ಇನ್ನ ನಿಮ್ಮದೊಂದು ಫೋಟೋ ಕೊಟ್ರ ಮುಗೀತು.”